ಅಜ್ಜಿಯ ಬದುಕನ್ನು ಬರೆಯಲು ಎಲ್ಲಿಂದ ಆರಂಭಿಸಬೇಕು?

ಈಚೆಗೆ ತೀರಿಕೊಂಡ ಅಜ್ಜಿಯ ಬಗ್ಗೆ ಬರೆಯಲು ಕುಳಿತರೆ ‘ತುಂಬಾ ಪ್ರೀತಿಸುತ್ತಿದ್ದರು’ ಎಂಬ ಮಾತಿನಿಂದ ಮುಂದಕ್ಕೆ ಹೋಗಲಾಗುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. 2021ರಲ್ಲಿ ನನ್ನ ಅಜ್ಜಿ ಹೋದಾಗ ನನಗೂ ಹೀಗೆಯೇ ಆಗಿತ್ತು. ನನಗೆ ದಾರಿ ತೋರಿಸಿದ್ದು ಅವರ ಮಳೆ ಪುಸ್ತಕ.

ನಮ್ಮ ಮನೆ ಇರುವುದು ಭಾಗಮಂಡಲದ ಕಡೆ. ಕೊಡಗಿನ ಅನೇಕ ಕಾಫಿ ಬೆಳೆಗಾರರ ಹಾಗೆ ನಮ್ಮವರೂ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇಟ್ಟು, ಪ್ರತಿದಿನ ಬೆಳಿಗ್ಗೆ ಅದರ ನೀರನ್ನು ಅಳತೆಯ ಗಾಜಿಗೆ ಸುರಿದು, ಇಂಚು ಮತ್ತು ಸೆಂಟಿನ ಲೆಕ್ಕದಲ್ಲಿ ಬರೆದಿಡುತ್ತಿದ್ದರು. ನೂರು ಸೆಂಟಿಗೆ ಒಂದು ಇಂಚು. ಅಜ್ಜಿಯ ಪೆಟ್ಟಿಗೆಯಲ್ಲಿ ಇಂಥ ಪುಸ್ತಕಗಳು ಒಂದು ಕಟ್ಟು ಸಿಕ್ಕವು. ಬರೀ ಅಂಕಿಗಳೆಂದು ಬದಿಗಿಡಲು ಹೊರಟಿದ್ದ ನಾನು, 1974ರ ಜುಲೈ ಪುಟಕ್ಕೆ ಬಂದಾಗ ನಿಂತೆ. ಆ ತಿಂಗಳಲ್ಲಿ ಮೂರು ಕೈಬರಹಗಳಿದ್ದವು. ಮೊದಲನೆಯದು ಅಜ್ಜನದು. ನಡುವೆ ಹನ್ನೊಂದು ದಿನ ದುಂಡಗಿನ, ಶಾಲೆಯ ಹುಡುಗಿಯ ಅಕ್ಷರ. ಅದು ಯಾರದೆಂದು ಅತ್ತೆಯನ್ನು ಕೇಳಿದಾಗ, ಅಜ್ಜ ಹಠಾತ್ತನೆ ತೀರಿಕೊಂಡ ಮೇಲೆ ಅವ್ವ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲವೆಂದೂ, ಅಪ್ಪನ ಲೆಕ್ಕ ತಪ್ಪಬಾರದೆಂದು ಹದಿನಾಲ್ಕರ ವಯಸ್ಸಿನ ತಾನೇ ಕೊಡೆ ಹಿಡಿದು ಹೋಗಿ ಅಳೆಯುತ್ತಿದ್ದೆನೆಂದೂ ಹೇಳಿದರು. ಹನ್ನೆರಡನೆಯ ದಿನದಿಂದ ಇರುವುದು ಅಜ್ಜಿಯ ಕೈಬರಹ, ಮತ್ತು ಅಲ್ಲಿಂದ ಅವರು ಹಾಸಿಗೆ ಹಿಡಿಯುವವರೆಗೂ, ನಲವತ್ತಾರು ವರ್ಷ, ಅದೇ ಕೈಬರಹ. ಮೂವತ್ತೊಂಬತ್ತರ ವಯಸ್ಸಿನಲ್ಲಿ ಅವರು ತೋಟದ ಹೊಣೆ ಹೊತ್ತರೆಂಬುದು ನಮಗೆಲ್ಲ ಗೊತ್ತಿತ್ತು. ಅದು ಯಾವ ಬೆಳಿಗ್ಗೆ ಎಂಬುದು ನನಗೆ ತಿಳಿದದ್ದು ಆಗ.

ಮನೆಯಲ್ಲಿ ನಮ್ಮ ಕಡೆಯ ಆಡುಮಾತಾದ ಅರೆಭಾಷೆಯನ್ನೇ ಆಡುತ್ತಿದ್ದ ಅಜ್ಜಿ ಪುಸ್ತಕದಲ್ಲಿ ಮಾತ್ರ ಶಾಲೆಯಲ್ಲಿ ಕಲಿತ ಕನ್ನಡವನ್ನು ಬರೆದಿದ್ದಾರೆ. ಆದರೆ ಮಾರ್ಚ್ ತಿಂಗಳಲ್ಲಿ ಆ ಕನ್ನಡ ಕೈಬಿಡುತ್ತದೆ: ‘ಇಂದೂ ಮಳೆ ಇಲ್ಲೆ.’ ರೊಬಸ್ಟಾ ತಳಿಯ ಕಾಫಿ ಗಿಡಕ್ಕೆ ಹೂಮಳೆ, ಅಂದರೆ ಮೊಗ್ಗು ಅರಳಿಸುವ ಮಳೆ, ಸಮಯಕ್ಕೆ ಸರಿಯಾಗಿ ಒಂದಿಂಚಿನಷ್ಟು ಸುರಿಯಬೇಕು. ತೀರ ಕಡಿಮೆಯಾದರೆ ಮೊಗ್ಗು ಅರೆಬರೆ ಬಿರಿದು ಒಣಗುತ್ತದೆ, ಆ ವರ್ಷದ ಫಸಲು ಅಲ್ಲಿಗೇ ಹೋಗುತ್ತದೆ. ಮೋಡ ಕವಿದ ರಾತ್ರಿಗಳಲ್ಲಿ ಅವರು ಜಗಲಿಯಲ್ಲಿ ಕುಳಿತೇ ಇರುತ್ತಿದ್ದುದನ್ನು ನಾನು ಕಂಡಿದ್ದೆ, ಸೆಖೆಗೆ ಎಂದುಕೊಂಡಿದ್ದೆ.

ಪುಟದ ಅಂಚಿನಲ್ಲಿ ಅಂಕಿಗಳಲ್ಲದವೂ ಇವೆ. ಹಸು ಕರು ಹಾಕಿದ್ದು, ತುಲಾ ಸಂಕ್ರಮಣದಂದು ತಲಕಾವೇರಿಯಿಂದ ತೀರ್ಥ ತಂದುಕೊಟ್ಟವರು, ಮಳೆಗಾಲದ ಆಟಿ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸಕ್ಕೆ ಯಾರೆಲ್ಲ ಬಂದಿದ್ದರು ಎಂಬುದು. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದ 2018ರ ಆಗಸ್ಟ್‌ನಲ್ಲಿ ದಿನಕ್ಕೊಂದರ ಬದಲು ಎರಡು, ಮೂರು ಅಂಕಿಗಳಿವೆ, ಏಕೆಂದರೆ ಡಬ್ಬಿ ತುಂಬಿ ಹೊರಚೆಲ್ಲುವ ಮೊದಲೇ, ಎಂಬತ್ತಮೂರರ ಅಜ್ಜಿ ಟಾರ್ಚ್ ಹಿಡಿದು ನಡುರಾತ್ರಿ ಅಂಗಳಕ್ಕೆ ಇಳಿಯುತ್ತಿದ್ದರು. ಅವರನ್ನು ತಡೆದು ಬೈದವರಲ್ಲಿ ನಾನೂ ಒಬ್ಬ. ಇಂದು ಅದು ನೋಯಿಸುತ್ತದೆ.

ಅವರು ಮದುವೆಯಾಗಿ ಬಂದದ್ದು 1955ರಲ್ಲಿ, ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದಾಗ. ಆ ಮೊದಲ ಸುಮಾರು ಇಪ್ಪತ್ತು ವರ್ಷಗಳ ಬಗ್ಗೆ ಅವರ ಕೈಬರಹದ ಒಂದು ಸಾಲೂ ಇಲ್ಲದ್ದರಿಂದ, ನಾನು ಅತ್ತೆಯನ್ನೂ, ಅವರೊಂದಿಗೆ ಕಾಫಿ ಕುಯ್ದ ಹಿರಿಯ ಹೆಂಗಸರನ್ನೂ ಕೇಳಿ ಬರೆದುಕೊಳ್ಳುತ್ತಿದ್ದೇನೆ.

ನೀವೂ ಅಜ್ಜಿಯ ಗುಣಗಳನ್ನು ಬಿಟ್ಟು ಅವರ ಕೆಲಸದಿಂದ ಆರಂಭಿಸಿ. ಹಾಲಿನ ಲೆಕ್ಕದ ಪುಸ್ತಕವಾಗಲಿ, ಕ್ಯಾಲೆಂಡರಿನ ಮೇಲಿನ ಗುರುತಾಗಲಿ, ಅವರ ಕೈ ತಾಗಿದ ಯಾವುದನ್ನೂ ಸದ್ಯಕ್ಕೆ ಎಸೆಯಬೇಡಿ. ಅವರ ಪಕ್ಕದಲ್ಲಿ ನಿಂತು ದುಡಿದವರು ಯಾರಾದರೂ ಉಳಿದಿದ್ದರೆ, ಬರೆಯಲು ಕೂರುವ ಮೊದಲು ಅವರ ಬಳಿಗೆ ಹೋಗಿ ಬನ್ನಿ.