ಪುತ್ತರಿಯ ಕೋವಿ ಸದ್ದು

ವಿರಾಜಪೇಟೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮಣ್ಣ ಕಾರ್ಗಿಲ್‌ನಲ್ಲಿ ಹೋರಾಡಿದವರು. ಪುತ್ತರಿ ಸುಗ್ಗಿ ಹಬ್ಬದಲ್ಲಿ ಕದಿರು ತೆಗೆಯುವಾಗ ಕೋವಿ ಸದ್ದಾದರೆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ರಾತ್ರಿ ಚೀರಿ ಏಳುತ್ತಾರೆ. ಡಾಕ್ಟರು ಪಿಟಿಎಸ್‌ಡಿ ಅಂದರು. ಮನಸ್ಸು ಗಟ್ಟಿ ಮಾಡಿಕೊಂಡರೆ ಸರಿಹೋಗಲ್ವಾ? ಕೊಡಗಿನವರಿಗೂ ಇದು ಬರುತ್ತಾ?"

ಬರುತ್ತದೆ. ಪಿಟಿಎಸ್‌ಡಿ ಅಂದರೆ ಭಯಾನಕ ಘಟನೆಯ ಆಘಾತ ಆಮೇಲೂ ಬಿಡದೆ ಕಾಡುವ ಕಾಯಿಲೆ. ಅಣ್ಣನ ಮೇಲಿನ ನಿಮ್ಮ ಪ್ರೀತಿ ನನಗೆ ಕಾಣುತ್ತದೆ. ಆದರೂ ಮನಸ್ಸು ಗಟ್ಟಿ ಮಾಡಿಕೊಳ್ಳುವ ಆ ಪ್ರಶ್ನೆ ಓದಿ ಬೇಜಾರಾಯಿತು. ಮನಸ್ಸಿನ ಬಲಕ್ಕೆ ಬೆಲೆ ಇದೆ, ಒಪ್ಪುತ್ತೇನೆ. ಆದರೆ ಅವರು ಕಾಲಿಗೆ ಗುಂಡು ತಗುಲಿ ಬಂದಿದ್ದರೆ 'ಕಾಲು ಗಟ್ಟಿ ಮಾಡ್ಕೋ' ಅನ್ನುತ್ತಿದ್ದಿರಾ?

ಮಿದುಳಿನಲ್ಲಿ ಬಾದಾಮಿ ಆಕಾರದ ಅಮಿಗ್ಡಲ ಅಂತ ಒಂದು ಭಾಗವಿದೆ. ಅಪಾಯ ಕಂಡ ಕೂಡಲೇ ಅದು ಮೈಯನ್ನೆಲ್ಲ ಎಬ್ಬಿಸುತ್ತದೆ. ಎದೆ ಬಡಿದುಕೊಳ್ಳುತ್ತದೆ, ಅಡ್ರಿನಲಿನ್ ಹರಿಯುತ್ತದೆ. ಶೆಲ್ ಬೀಳುವಾಗ ಪ್ರಾಣ ಉಳಿಸುವುದೇ ಈ ಎಚ್ಚರ. ಆಮೇಲೆ ಹಣೆಯ ಹಿಂದಿನ ಭಾಗ ಅದನ್ನು ಸುಮ್ಮನಾಗಿಸಬೇಕು. ಹಿಪೊಕ್ಯಾಂಪಸ್ ಅನ್ನುವ ಇನ್ನೊಂದು ಭಾಗ 'ಅದು ಆಗ, ಅಲ್ಲಿ' ಅಂತ ನೆನಪಿಗೆ ಗುರುತು ಹಾಕಬೇಕು. ಈ ಕಾಯಿಲೆಯಲ್ಲಿ ಎರಡೂ ಸೋಲುತ್ತವೆ. ನೀವು ಗದ್ದೆಯಲ್ಲಿ 'ಪೊಲಿ ಪೊಲಿ ದೇವಾ' ಅನ್ನುತ್ತಿರುವಾಗ ನಿಮ್ಮಣ್ಣನ ಮೈ ಮತ್ತೆ ಕಾರ್ಗಿಲ್ ಬೆಟ್ಟದ ಮೇಲಿರುತ್ತದೆ.

ವಿಯೆಟ್ನಾಂನಲ್ಲಿ ಹೋರಾಡಿದವರ ಬಗ್ಗೆ 2002ರಲ್ಲಿ ಒಂದು ಅಧ್ಯಯನ ಬಂತು. ಈ ಕಾಯಿಲೆ ಜೋರಾಗಿದ್ದವರ ಹಿಪೊಕ್ಯಾಂಪಸ್ ಚಿಕ್ಕದಿತ್ತು. ಯುದ್ಧಕ್ಕೇ ಹೋಗದ ಅವರ ತದ್ರೂಪಿ ಅವಳಿಗಳದ್ದೂ ಚಿಕ್ಕದೇ! ಅಂದರೆ ಕೆಲವರ ಮಿದುಳು ಹುಟ್ಟಿನಿಂದಲೇ ಇಂಥ ಆಘಾತಕ್ಕೆ ಬೇಗ ಸಿಗಬಹುದು. ಆದರೆ ಮನೆಯಲ್ಲಿ ಉಳಿದ ಅವಳಿ ಸೋದರನಿಗೆ ಕಾಯಿಲೆ ಬರಲಿಲ್ಲ. ತಂದದ್ದು ಯುದ್ಧ. ಇದರಲ್ಲಿ ಹೇಡಿತನ ಎಲ್ಲಿ ಬಂತು?

ನನ್ನ ದೊಡ್ಡಪ್ಪ 1971ರ ಯುದ್ಧದಿಂದ ವಾಪಸ್ ಬಂದವರು. ಜಗಲಿಯಲ್ಲೇ ಮಲಗುತ್ತಿದ್ದರು. ಬಾಗಿಲಿಗೆ ಬೆನ್ನು ಕೊಟ್ಟು ಯಾವತ್ತೂ ಕೂರಲಿಲ್ಲ. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದಲ್ಲೂ ಕೋವಿ ಮುಟ್ಟಲಿಲ್ಲ. ಮನೆಯವರೇ ಪುಕ್ಕಲ ಅಂದರು. ಚಿಕ್ಕವನಾಗಿದ್ದ ನಾನೂ ಅವರ ಜೊತೆ ನಕ್ಕಿದ್ದೆ. ಇವತ್ತಿಗೂ ಅದು ನನ್ನನ್ನು ಕೊರೆಯುತ್ತದೆ.

ಹೀಗೆ ನಕ್ಕವರು ನಾವು ಮಾತ್ರ ಅಲ್ಲ. 1915ರಲ್ಲೇ ಬ್ರಿಟನ್ನಿನ ವೈದ್ಯರು 'ಶೆಲ್ ಶಾಕ್' ಅಂತ ಬರೆದಿದ್ದರು. ಆದರೂ ಆ ಮೊದಲ ಮಹಾಯುದ್ಧದಲ್ಲಿ ಓಡಿಹೋದ, ಹೆದರಿದ ಅನ್ನುವಂಥ ಆರೋಪ ಹೊರಿಸಿ ಬ್ರಿಟಿಷ್ ಸೇನೆ ತನ್ನದೇ 306 ಸೈನಿಕರಿಗೆ ಗುಂಡಿಕ್ಕಿತು. ಅವರಲ್ಲಿ ಹಲವರಿಗೆ ಇದೇ ಕಾಯಿಲೆ ಇದ್ದಿರಬೇಕು. ಕ್ಷಮೆ ಸಿಕ್ಕಿದ್ದು 2006ರಲ್ಲಿ. ಪಿಟಿಎಸ್‌ಡಿ ಅನ್ನುವ ಹೆಸರು ವೈದ್ಯರ ಪಟ್ಟಿ ಸೇರಿದ್ದೇ 1980ರಲ್ಲಿ.

ನಮ್ಮ ಮಡಿಕೇರಿಯಲ್ಲಿ ಕಾರ್ಯಪ್ಪ, ತಿಮ್ಮಯ್ಯನವರ ಪ್ರತಿಮೆಗಳಿವೆ. ಇರಲೇಬೇಕು. ಆದರೆ ರಜೆಗೆ ಬಂದ ಹುಡುಗನನ್ನು 'ಎಷ್ಟು ಜನರನ್ನು ಹೊಡೆದೆ' ಅಂತ ಕೇಳುವ ನಾವು 'ನಿದ್ದೆ ಬರ್ತಾ ಇದೆಯಾ' ಅಂತ ಕೇಳುವುದಿಲ್ಲ. ನಿದ್ದೆ ಬಾರದಿದ್ದರೆ ಕ್ಯಾಂಟೀನ್ ರಮ್ ಇದೆಯಲ್ಲ ಅನ್ನುತ್ತೇವೆ. ಹೆಂಡತಿ ಮಕ್ಕಳು ಎಲ್ಲವನ್ನೂ ನುಂಗಿಕೊಂಡು, ಮನೆತನದ ಮರ್ಯಾದೆ ಅಂತ ಬಾಯಿ ಮುಚ್ಚಿಕೊಂಡಿರುತ್ತಾರೆ.

ಡಾಕ್ಟರನ್ನು ಬಿಡಬೇಡಿ. ಮಾತ್ರೆಗಳಿವೆ. ಆ ನೆನಪನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸುವ ಮಾತಿನ ಚಿಕಿತ್ಸೆಯೂ ಇದೆ, ಅದರಿಂದ ಅನೇಕರಿಗೆ ಗುಣವಾಗಿದೆ. ತುರ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಇದೆ, ದುಡ್ಡು ಬೇಡ. ಈ ಪುತ್ತರಿಗೆ ಗುಂಡು ಹಾರುವ ಹೊತ್ತನ್ನು ಅಣ್ಣನಿಗೆ ಮೊದಲೇ ಹೇಳಿಡಿ. ಕದಿರು ತರಲು ಬೇರೆಯವರು ಹೋಗಲಿ. ನೀವು ಅಣ್ಣನ ಪಕ್ಕ ಕೂತಿರಿ.