ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವ ಎಸ್‌ಎಂಪಿಎಸ್ ಸಾಕೇ?

ಪ್ರಶ್ನೆ: ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿರುವ ಮಗನಿಗಾಗಿ ಮನೆಯಲ್ಲೇ ಕಂಪ್ಯೂಟರ್ ಜೋಡಿಸಲು ಹೊರಟಿದ್ದೇವೆ. ರೈಜನ್ 5 5600 ಪ್ರೊಸೆಸರ್, ಮೈಕ್ರೊ ಎಟಿಎಕ್ಸ್ ಅಳತೆಯ ಮದರ್‌ಬೋರ್ಡ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಎಂದು ನಿಶ್ಚಯವಾಗಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ, ಮುಂಭಾಗಕ್ಕೆ ಗಾಜು ಮತ್ತು ಬಣ್ಣದ ದೀಪಗಳಿರುವ ಕ್ಯಾಬಿನೆಟ್ ಕೊಂಡರೆ 500 ವ್ಯಾಟ್‌ನ ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಹಂಚುವ ಪೆಟ್ಟಿಗೆ) ಉಚಿತ ಎನ್ನುತ್ತಾರೆ. ಉಳಿಯುವ ಹಣದಲ್ಲಿ ಕಡತಗಳನ್ನಿಡಲು ದೊಡ್ಡ ಎಸ್‌ಎಸ್‌ಡಿ ಹಾಕಿಸಬಹುದೆಂಬುದು ಮಗನ ವಾದ. ಏನು ಮಾಡಲಿ?
— ಓದುಗರೊಬ್ಬರು, ತುಮಕೂರು

ಉತ್ತರ: ದಯವಿಟ್ಟು ಆ ಉಚಿತ ಎಸ್‌ಎಂಪಿಎಸ್ ಒಪ್ಪಿಕೊಳ್ಳಬೇಡಿ. ಕಂಪ್ಯೂಟರಿನ ಬೇರೆ ಯಾವ ಭಾಗ ಕೆಟ್ಟರೂ ಸಾಮಾನ್ಯವಾಗಿ ಅದೊಂದೇ ಕೆಡುತ್ತದೆ. ಎಸ್‌ಎಂಪಿಎಸ್ ಹಾಗಲ್ಲ, ಎಲ್ಲ ಭಾಗಗಳಿಗೂ ವಿದ್ಯುತ್ ಅದರ ಮೂಲಕವೇ ಹೋಗುವುದರಿಂದ ತಾನು ಕೆಡುವಾಗ ಉಳಿದವನ್ನೂ ಸುಟ್ಟುಬಿಡಬಲ್ಲದು. ಹಲವು ವರ್ಷಗಳ ಹಿಂದೆ ನಾನೂ ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್ ಅನ್ನೇ ನೆಚ್ಚಿಕೊಂಡಿದ್ದೆ. ಒಂದು ಸಂಜೆ ಟಪ್ಪೆಂಬ ಸದ್ದಿನೊಂದಿಗೆ ಪರದೆ ಕಪ್ಪಾಗಿ, ಸುಟ್ಟ ವಾಸನೆ ಕೋಣೆಯನ್ನೆಲ್ಲ ತುಂಬಿತು. ಮರುದಿನ ರಿಪೇರಿಯವರು ಬಿಚ್ಚಿ ತೋರಿಸಿದಾಗ, ಒಳಗೆ ವಿದ್ಯುತ್ ಹಿಡಿದಿಡುವ ಕೆಪಾಸಿಟರ್‌ಗಳ ಚಪ್ಪಟೆಯಾಗಿರಬೇಕಾದ ತಲೆ ಉಬ್ಬಿ, ಬುಡದಲ್ಲಿ ಕಂದು ಬಣ್ಣದ ಅಂಟು ಸೋರಿ ಒಣಗಿತ್ತು. ಮದರ್‌ಬೋರ್ಡ್ ಮತ್ತು ಹಾರ್ಡ್ ಡಿಸ್ಕ್ ಎರಡೂ ಅದರೊಂದಿಗೇ ಹೋದವು. ಮದರ್‌ಬೋರ್ಡನ್ನು ಮತ್ತೆ ಕೊಂಡೆ. ಡಿಸ್ಕಿನಲ್ಲಿದ್ದ ಮನೆಯ ಫೋಟೊಗಳು ಮತ್ತೆ ಸಿಗಲಿಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ರೈಜನ್ 5 5600 ಪೂರ್ಣವಾಗಿ ದುಡಿಯುವಾಗ ತೆಗೆದುಕೊಳ್ಳುವುದು ಸುಮಾರು 76 ವ್ಯಾಟ್, ಆರ್‌ಟಿಎಕ್ಸ್ 4060 ಸುಮಾರು 115 ವ್ಯಾಟ್. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನುಗಳಿಗೆ ಧಾರಾಳವಾಗಿ 50 ವ್ಯಾಟ್ ಹಿಡಿದರೂ ಒಟ್ಟು 240ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಾರ್ಡ್ ತಯಾರಕರು 550 ವ್ಯಾಟ್‌ನ ಎಸ್‌ಎಂಪಿಎಸ್ ಸೂಚಿಸುತ್ತಾರೆ. ನಿಮಗೂ ಅಷ್ಟು ಸಾಕು. 750 ಅಥವಾ 850 ವ್ಯಾಟ್‌ನದನ್ನೇ ಕೊಳ್ಳಿ ಎಂದು ಯಾರಾದರೂ ಒತ್ತಾಯಿಸಿದರೆ ಕಿವಿಗೊಡಬೇಕಾಗಿಲ್ಲ.

ಹಾಗಾದರೆ 500 ಎಂದು ಬರೆದಿರುವ ಆ ಉಚಿತ ಪೆಟ್ಟಿಗೆ ಏಕೆ ಸಾಲದು ಎಂದು ನೀವು ಕೇಳಬಹುದು. ಅದನ್ನು ಕೈಗೆತ್ತಿಕೊಂಡು ಪಕ್ಕದಲ್ಲಿ ಅಂಟಿಸಿರುವ ಪಟ್ಟಿಯನ್ನು ಓದಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ತಮ್ಮ ಪಾಲನ್ನು ಪಡೆಯುವುದು ಬಹುತೇಕ 12 ವೋಲ್ಟ್‌ನ ಸಾಲಿನಿಂದ. ಆದ್ದರಿಂದ ಅಲ್ಲಿ ಬರೆದಿರುವ ಆಂಪಿಯರ್ ಸಂಖ್ಯೆಯನ್ನು 12ರಿಂದ ಗುಣಿಸಿದರೆ ನಿಜವಾದ ಶಕ್ತಿ ತಿಳಿಯುತ್ತದೆ. ಒಳ್ಳೆಯ 550 ವ್ಯಾಟ್‌ನ ಎಸ್‌ಎಂಪಿಎಸ್‌ನಲ್ಲಿ ಅದು 45 ಆಂಪಿಯರ್ ಆಸುಪಾಸಿನಲ್ಲಿರುತ್ತದೆ, ಅಂದರೆ 540 ವ್ಯಾಟ್. ದೊಡ್ಡ ಅಕ್ಷರದಲ್ಲಿ 500 ಎಂದಿದ್ದು, 12 ವೋಲ್ಟ್‌ನ ಎದುರು ಕೇವಲ 18 ಆಂಪಿಯರ್ ಇದ್ದರೆ ನಿಮಗೆ ಸಿಗುವುದು 216 ವ್ಯಾಟ್ ಮಾತ್ರ. ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಈ ಗುಣಾಕಾರವನ್ನು ತಪ್ಪದೆ ಮಾಡಿ.

80 ಪ್ಲಸ್ ಎಂಬ ಮುದ್ರೆಯ ಬಗ್ಗೆಯೂ ಒಂದು ಮಾತು. ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಕೆಲಸಕ್ಕೆ ಬರುತ್ತದೆ, ಎಷ್ಟು ಬಿಸಿಯಾಗಿ ಹೋಗುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಅರ್ಧ ಲೋಡಿನಲ್ಲಿ ಬ್ರಾಂಜ್ ದರ್ಜೆಯದು ಸುಮಾರು ಶೇ. 85, ಗೋಲ್ಡ್ ದರ್ಜೆಯದು ಸುಮಾರು ಶೇ. 90 ದಕ್ಷತೆ ಕೊಡುತ್ತದೆ ಎಂದಿಟ್ಟುಕೊಂಡರೆ, ನಿಮ್ಮ 240 ವ್ಯಾಟ್‌ಗೆ ಇವೆರಡರ ನಡುವಿನ ಅಂತರ ಸುಮಾರು 16 ವ್ಯಾಟ್ ಮಾತ್ರ. ದಿನಕ್ಕೆ 6 ಗಂಟೆ ಪೂರ್ಣ ದುಡಿಸಿದರೂ ತಿಂಗಳಿಗೆ 3 ಯೂನಿಟ್ ಕೂಡ ಉಳಿಯುವುದಿಲ್ಲ. ವಿದ್ಯುತ್ ಬಿಲ್ಲಿಗಾಗಿ ಗೋಲ್ಡ್ ಕೊಳ್ಳುವ ಅಗತ್ಯವಿಲ್ಲ. ಅದಕ್ಕಿಂತ ಮುಖ್ಯವಾದದ್ದು ವೋಲ್ಟೇಜ್ ಏರಿದಾಗ, ಶಾರ್ಟ್ ಆದಾಗ, ವಿಪರೀತ ಬಿಸಿಯಾದಾಗ ತಾನಾಗಿ ನಿಂತುಬಿಡುವ ರಕ್ಷಣೆ, ಮತ್ತು ತಯಾರಕರು ಲಿಖಿತವಾಗಿ ಕೊಡುವ ವಾರಂಟಿ. ಐದು ವರ್ಷದ ವಾರಂಟಿ ಇರುವ ಬ್ರಾಂಜ್ ಎಸ್‌ಎಂಪಿಎಸ್ ನಿಮ್ಮ ಮಗನಿಗೆ ಸರಿಯಾದ ಆಯ್ಕೆ. ನಿಮ್ಮೂರಿನಲ್ಲಿ ವೋಲ್ಟೇಜ್ ಆಗಾಗ ಇಳಿಯುತ್ತಿದ್ದರೆ, ಪಟ್ಟಿಯ ಮೇಲೆ 200–240 ವೋಲ್ಟ್ ಎಂದಷ್ಟೇ ಇರುವುದನ್ನು ಬಿಟ್ಟು 100–240 ಎಂದಿರುವುದನ್ನು ಆರಿಸಿಕೊಳ್ಳಿ.

ಕ್ಯಾಬಿನೆಟ್ ವಿಷಯದಲ್ಲಿ ಮಗನ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಮುಂಭಾಗಕ್ಕೆ ಪೂರ್ತಿ ಗಾಜಿದ್ದರೆ ಅದರ ಹಿಂದಿನ ಫ್ಯಾನುಗಳಿಗೆ ಅಂಚಿನ ಕಿರಿದಾದ ಸಂದಿಯಿಂದಷ್ಟೇ ಗಾಳಿ ಸಿಗುತ್ತದೆ. ಮುಂದೆ ಜಾಲರಿ, ಪಕ್ಕಕ್ಕೆ ಗಾಜು ಇರುವ ಕ್ಯಾಬಿನೆಟ್ ತೆಗೆದುಕೊಂಡರೆ ನೋಟಕ್ಕೂ ಗಾಳಿಗೂ ಕೊರತೆಯಾಗದು. ಮುಂದಿನಿಂದ ಗಾಳಿ ಎಳೆಯಲು 120 ಮಿಲಿಮೀಟರಿನ ಎರಡು ಫ್ಯಾನು, ಹಿಂದಿನಿಂದ ಹೊರದೂಡಲು ಒಂದು ಸಾಕು. ಒಳಬರುವ ಗಾಳಿ ಹೊರಹೋಗುವುದಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಸಂದುಗೊಂದುಗಳಿಂದ ಧೂಳು ನುಗ್ಗುವುದೂ ಕಡಿಮೆಯಾಗುತ್ತದೆ. ಮೈಕ್ರೊ ಎಟಿಎಕ್ಸ್ ಬೋರ್ಡ್ ಹೆಚ್ಚೆಂದರೆ 244 ಮಿಲಿಮೀಟರಿನ ಚೌಕ, ಅದು ಬಹುತೇಕ ಕ್ಯಾಬಿನೆಟ್‌ಗಳಲ್ಲಿ ಕೂರುತ್ತದೆ; ಅಳೆದು ನೋಡಬೇಕಾದದ್ದು ಗ್ರಾಫಿಕ್ಸ್ ಕಾರ್ಡಿನ ಉದ್ದ ಮತ್ತು ಪ್ರೊಸೆಸರನ್ನು ತಂಪಾಗಿಸುವ ಕೂಲರಿನ ಎತ್ತರ. ಪ್ರೊಸೆಸರ್ ಪೆಟ್ಟಿಗೆಯಲ್ಲೇ ಬರುವ ಕೂಲರ್ ಸದ್ಯಕ್ಕೆ ಸಾಕು. ಮುಂದೆ ಬೇರೆ ಕೂಲರ್ ಕೊಂಡರೆ, ಅದರ ತಳಕ್ಕೆ ಅಂಟಿಸಿರುವ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತ ಮೇಲೆಯೇ ಕೂರಿಸಿ. ಬೆಳಕಿಗೆ ಹಿಡಿಯದಿದ್ದರೆ ಅದು ಕಣ್ಣಿಗೇ ಬೀಳುವುದಿಲ್ಲ. ಉಳಿದುಬಿಟ್ಟರೆ ಬಿಸಿ ಕೂಲರಿಗೆ ಸರಿಯಾಗಿ ದಾಟುವುದಿಲ್ಲ.

ಪ್ರಶ್ನೆ: ನಾನೇ ಜೋಡಿಸಿದ ಕಂಪ್ಯೂಟರಿನ ಕ್ಯಾಬಿನೆಟ್ ಹಿಂಭಾಗದ ಸ್ಕ್ರೂ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಚಪ್ಪಲಿ ಹಾಕಿಕೊಂಡರೆ ಏನೂ ಆಗುವುದಿಲ್ಲ. ಎಸ್‌ಎಂಪಿಎಸ್ ಬದಲಿಸಬೇಕೇ?
— ಓದುಗರೊಬ್ಬರು, ಕಾರ್ಕಳ

ಉತ್ತರ: ಎಸ್‌ಎಂಪಿಎಸ್ ಬದಲಿಸುವ ಮೊದಲು ನಿಮ್ಮ ಮನೆಯ ಅರ್ಥಿಂಗ್ ಪರೀಕ್ಷಿಸಿ. ವಿದ್ಯುತ್ತಿನ ಗದ್ದಲವನ್ನು ಸೋಸಲು ಪ್ರತಿ ಎಸ್‌ಎಂಪಿಎಸ್‌ನ ಬಾಗಿಲಲ್ಲೇ ಎರಡು ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಒಂದು ಫೇಸ್ ತಂತಿಯಿಂದ, ಇನ್ನೊಂದು ನ್ಯೂಟ್ರಲ್ ತಂತಿಯಿಂದ ಲೋಹದ ಕವಚಕ್ಕೆ ಸೇರಿರುತ್ತದೆ. ಅರ್ಥಿಂಗ್ ಇದ್ದರೆ ಅಲ್ಲಿ ಸೋರುವ ಅತ್ಯಲ್ಪ ವಿದ್ಯುತ್ ನೆಲಕ್ಕೆ ಹೋಗಿಬಿಡುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಕವಚವು 230 ವೋಲ್ಟ್‌ನ ಸುಮಾರು ಅರ್ಧದಷ್ಟು ಮಟ್ಟದಲ್ಲಿ ತೂಗುತ್ತಿರುತ್ತದೆ, ನೀವು ಬರಿಗಾಲಲ್ಲಿ ಮುಟ್ಟಿದಾಗ ನಿಮ್ಮ ದೇಹವೇ ಅದರ ದಾರಿಯಾಗುತ್ತದೆ. ಹೊಸ ಎಸ್‌ಎಂಪಿಎಸ್ ಹಾಕಿದರೂ ಇದೇ ಅನುಭವವಾಗುತ್ತದೆ.

ಸೋರಿಕೆ ಸಣ್ಣದೆಂದು ಸುಮ್ಮನಿರಬೇಡಿ, ಏಕೆಂದರೆ ನಾಳೆ ಒಳಗೆ ನಿಜವಾದ ಶಾರ್ಟ್ ಆದರೆ ನಿಮ್ಮನ್ನು ಕಾಯಬೇಕಾದದ್ದೂ ಅದೇ ಅರ್ಥಿಂಗ್. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿದ್ದರೆ ಇಂದೇ ತೆಗೆಯಿರಿ. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ ಸಾಕೆಟ್ಟಿನ ಮೂರನೆಯ ತೂತಿಗೆ ನಿಜವಾಗಿಯೂ ತಂತಿ ಬಂದಿದೆಯೇ, ಆ ತಂತಿ ನೆಲಕ್ಕೆ ಸೇರಿದೆಯೇ ಎಂದು ಅಳೆಸಿ. ಕೆಲವರು ಸುಲಭವೆಂದು ಅರ್ಥಿನ ತೂತನ್ನು ನ್ಯೂಟ್ರಲ್‌ಗೆ ಜೋಡಿಸಿಬಿಡುತ್ತಾರೆ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಇಡೀ ಕ್ಯಾಬಿನೆಟ್‌ಗೆ 230 ವೋಲ್ಟ್ ಬರುತ್ತದೆ, ಅದಕ್ಕೆ ಖಂಡಿತ ಒಪ್ಪಬೇಡಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ನೀವಾಗಿ ಬಿಚ್ಚಲೂಬೇಡಿ. ಪ್ಲಗ್ ತೆಗೆದ ಮೇಲೂ ಅದರ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು.

ಪ್ರಶ್ನೆ: ನನ್ನ ಐ5-12400ಎಫ್ ಪ್ರೊಸೆಸರಿನ ತಾಪಮಾನ ವಿಡಿಯೊ ಸಂಕಲನದ ವೇಳೆ ಜನವರಿಯಲ್ಲಿ 74 ಡಿಗ್ರಿ ಇದ್ದದ್ದು ಏಪ್ರಿಲ್‌ನಲ್ಲಿ 92ಕ್ಕೆ ಏರಿದೆ. ಕೋಣೆಯಲ್ಲಿ ಈಗ 40 ಡಿಗ್ರಿ ಸೆಕೆ. ಲಿಕ್ವಿಡ್ ಕೂಲರ್ ಹಾಕಿಸಿದರೆ ತಣ್ಣಗಾದೀತೇ?
— ಓದುಗರೊಬ್ಬರು, ಕಲಬುರಗಿ

ಉತ್ತರ: ನಿಮ್ಮ ಅಂಕಿಗಳಲ್ಲೇ ಉತ್ತರದ ಬಹುಪಾಲು ಇದೆ. ಜನವರಿಯಲ್ಲಿ ನಿಮ್ಮ ಕೋಣೆ 22–23 ಡಿಗ್ರಿ ಇದ್ದಿರಬೇಕು. ಅಲ್ಲಿಂದ ಇಲ್ಲಿಗೆ ಕೋಣೆ ಏರಿದಷ್ಟೇ ಪ್ರೊಸೆಸರೂ ಏರಿದೆ. ಕೂಲರ್ ಕೆಟ್ಟಿಲ್ಲ, ಅದು ಪಡೆಯುವ ಗಾಳಿಯೇ ಬಿಸಿಯಾಗಿದೆ. ಲಿಕ್ವಿಡ್ ಎಂದೊಡನೆ ಮಡಕೆಯ ನೀರು ನೆನಪಾಗುವುದು ಸಹಜ, ಆದರೆ ಮಡಕೆಯ ನೀರು ಹೊರಗಿನ ಗಾಳಿಗಿಂತ ತಣ್ಣಗಾಗುವುದು ಅದು ಜಿನುಗಿ ಆವಿಯಾಗುವುದರಿಂದ. ಲಿಕ್ವಿಡ್ ಕೂಲರಿನ ದ್ರವ ಮುಚ್ಚಿದ ಕೊಳವೆಯಲ್ಲೇ ಸುತ್ತುತ್ತದೆ, ಬಿಸಿಯನ್ನು ರೇಡಿಯೇಟರಿಗೆ ಒಯ್ದು ಅದೇ 40 ಡಿಗ್ರಿಯ ಗಾಳಿಗೆ ಬಿಡುತ್ತದೆ. ಕೋಣೆಗಿಂತ ತಂಪಾಗಿಸುವ ಶಕ್ತಿ ಅದಕ್ಕಿಲ್ಲ.

ನಿಮ್ಮ ಪ್ರೊಸೆಸರ್ ಪೂರ್ಣ ವೇಗದಲ್ಲಿ 117 ವ್ಯಾಟ್‌ವರೆಗೆ ಎಳೆಯುತ್ತದೆ, 100 ಡಿಗ್ರಿ ಮುಟ್ಟಿದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಜೊತೆಗೆ ಬಂದ ಪುಟ್ಟ ಕೂಲರಿನ ಬದಲು ತಾಮ್ರದ ಕೊಳವೆಗಳಿರುವ, 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರ್ ಹಾಕಿದರೆ ಇಷ್ಟು ಬಿಸಿಯನ್ನು ಅದು ಸಲೀಸಾಗಿ ಹೊರದೂಡುತ್ತದೆ. ಅದರಲ್ಲಿ ಸವೆಯುವ ಭಾಗ ಫ್ಯಾನೊಂದೇ. ಲಿಕ್ವಿಡ್ ಕೂಲರಿನಲ್ಲಿ ಪಂಪು ನಿಂತರೆ ಇಡೀ ಕೂಲರನ್ನೇ ಬದಲಿಸಬೇಕು.

ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿ. ಅದೇ ಕೆಲಸ ನಡೆಯುತ್ತಿರುವಾಗ ಕ್ಯಾಬಿನೆಟ್ಟಿನ ಪಕ್ಕದ ಹಲಗೆ ತೆಗೆದು ಹದಿನೈದು ನಿಮಿಷ ಬಿಡಿ. ತಾಪಮಾನ ಏಳೆಂಟು ಡಿಗ್ರಿ ಇಳಿದರೆ ಗಾಳಿಯ ದಾರಿ ಕಟ್ಟಿದೆ ಎಂದರ್ಥ. ಮುಂದಿನ ಜಾಲರಿಯ ಧೂಳು ತೆಗೆಯಿರಿ, ಕಂಪ್ಯೂಟರ್ ಮೇಜಿನ ಮುಚ್ಚಿದ ಗೂಡಿನಲ್ಲಿಟ್ಟಿದ್ದರೆ ಹೊರಗಿಡಿ. ಏನೂ ಇಳಿಯದಿದ್ದರೆ ಆ ಪುಟ್ಟ ಕೂಲರ್ ಸಾಲುತ್ತಿಲ್ಲ, ಇಲ್ಲವೇ ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿದೆ. ನಿಮ್ಮ ಕಡೆ ಬೇಸಿಗೆಯಲ್ಲಿ ನೀರಿನ ಏರ್ ಕೂಲರ್ ಇಲ್ಲದ ಮನೆ ಅಪರೂಪ. ಅದರ ಗಾಳಿ ನೇರವಾಗಿ ಕ್ಯಾಬಿನೆಟ್‌ಗೆ ಬೀಸದಂತೆ ಇಡಿ, ಆ ತೇವ ಒಳಗಿನ ಧೂಳಿನೊಂದಿಗೆ ಸೇರಿ ಬೋರ್ಡಿನ ಮೇಲೆ ಅಂಟುತ್ತದೆ. ಎಸ್‌ಎಂಪಿಎಸ್ ಫ್ಯಾನನ್ನೂ ಮರೆಯಬೇಡಿ: ಕೆಪಾಸಿಟರ್‌ಗಳ ಆಯುಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕಿಳಿಯುತ್ತದೆ. ಕ್ಯಾಬಿನೆಟ್ಟಿನ ತಳದಲ್ಲಿ ಕಿಂಡಿಯಿದ್ದರೆ ಫ್ಯಾನು ಕೆಳಮುಖವಾಗಿರಲಿ, ಕ್ಯಾಬಿನೆಟ್ ನೆಲಕ್ಕೆ ತಾಗದೆ ಗಾಳಿಯಾಡುವ ಹಾಗೆ ಪುಟ್ಟ ಸ್ಟ್ಯಾಂಡಿನ ಮೇಲಿರಲಿ.

ಪ್ರಶ್ನೆ: ಮನೆಯಲ್ಲಿ ಇನ್ವರ್ಟರ್ ಇದ್ದರೂ ಕರೆಂಟ್ ಹೋದೊಡನೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ, ಫ್ಯಾನು–ದೀಪಗಳಿಗೆ ಏನೂ ಆಗುವುದಿಲ್ಲ. ಏಕೆ?
— ಓದುಗರೊಬ್ಬರು, ಹಾವೇರಿ

ಉತ್ತರ: ಕರೆಂಟ್ ಕಡಿದ ಮೇಲೆ ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರಿನ ಬಲದಿಂದ ಕಂಪ್ಯೂಟರನ್ನು ಹಿಡಿದಿಡುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ, ಅಗ್ಗದವು ಅಷ್ಟನ್ನೂ ತಾಳುವುದಿಲ್ಲ. ನಿಮ್ಮ ಇನ್ವರ್ಟರ್ ಅದಕ್ಕಿಂತ ನಿಧಾನವಾಗಿ ಬದಲಾಗುತ್ತಿದೆ. ಇನ್ವರ್ಟರಿನ ಹಿಂಭಾಗದಲ್ಲಿ ಬೇಗ ಬದಲಾಗುವ ಯುಪಿಎಸ್ ಮೋಡ್‌ನ ಸ್ವಿಚ್ ಇದ್ದರೆ ಅದಕ್ಕೆ ಹಾಕಿ ನೋಡಿ. ಆಗಲೂ ನಿಲ್ಲದಿದ್ದರೆ ಕಂಪ್ಯೂಟರಿಗೆಂದೇ ಪ್ರತ್ಯೇಕ ಯುಪಿಎಸ್ ಇಡಿ, ಸಾಧ್ಯವಾದರೆ ಗೋಡೆಯ ವಿದ್ಯುತ್ತಿನಂತೆಯೇ ನಯವಾದ ಅಲೆ ಕೊಡುವ ಶುದ್ಧ ಸೈನ್ ವೇವ್‌ನದನ್ನು. ಈಗಿನ ಕೆಲವು ಎಸ್‌ಎಂಪಿಎಸ್‌ಗಳು ಚೌಕ ಅಲೆಯ ವಿದ್ಯುತ್ತಿಗೆ ಹೊಂದಿಕೊಳ್ಳದೆ ನಿಂತುಬಿಡುತ್ತವೆ.