ಕಾಲೇಜಿನಲ್ಲಿ ತುಂಬಿಸಿದ ಮಾನಸಿಕ ಆರೋಗ್ಯದ ಫಾರ್ಮ್‌ನಲ್ಲಿ 14 ಬಂದರೆ ಏನರ್ಥ?

ಮಂಗಳೂರಿನಲ್ಲಿ ಎಂಎಸ್ಸಿ ಓದುತ್ತಿದ್ದೀರಿ, ಕ್ಲಾಸಿನಲ್ಲಿ ಖಿನ್ನತೆಯ ಲಕ್ಷಣ ಎಷ್ಟಿದೆ ಅಂತ ನೋಡುವ ಪಿಎಚ್‌ಕ್ಯೂ-9 ಫಾರ್ಮ್ ತುಂಬಿಸಿದರು, ಕೂಡಿದರೆ 14 ಬಂತು. ನನಗೆ ಡಿಪ್ರೆಶನ್ ಉಂಟಾ, ನನ್ನ ಮನಸ್ಸೇ ದುರ್ಬಲವಾ ಅಂತ ಕೇಳಿದ್ದೀರಿ. ಇಲ್ಲಿನ ಕಾಲೇಜುಗಳಲ್ಲಿ ಆಪ್ತಸಮಾಲೋಚಕಿಯಾಗಿ ಇಂಥ ಫಾರ್ಮ್ ಹಂಚಿ, ಆಮೇಲೆ ಮಕ್ಕಳ ಎದುರು ಕೂತು ಮಾತಾಡುವುದೇ ನನ್ನ ಕೆಲಸ. ನೀವು ಕೇಳಿದ್ದು ಎರಡು ಬೇರೆ ಪ್ರಶ್ನೆ. ಎರಡನೆಯದನ್ನು ಆ ಫಾರ್ಮ್ ಅಳೆಯುವುದೇ ಇಲ್ಲ.

ಅದರಲ್ಲಿರುವುದು ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. 10ರಿಂದ 14 ಅಂದರೆ ಲಕ್ಷಣ ಮಧ್ಯಮ ಮಟ್ಟದ್ದು. ಕೇಳುವುದು ಕಳೆದ ಎರಡು ವಾರದ ಸಂಗತಿ ಮಾತ್ರ. ನಿದ್ರೆ, ಸುಸ್ತು, ಹಸಿವು, ಗಮನ, ಈ ನಾಲ್ಕಕ್ಕೇ 12 ಅಂಕ ಬರಬಹುದು. ಪರೀಕ್ಷೆ ಹತ್ತಿರ ಇದ್ದು, ನಡುವೆ ಜ್ವರವೂ ಬಂದಿದ್ದರೆ ಈ ನಾಲ್ಕೂ ಕೆಡುತ್ತವೆ. 2001ರ ಮೂಲ ಅಧ್ಯಯನದಲ್ಲಿ 10ರ ಗೆರೆ ಇಟ್ಟಾಗ ಖಿನ್ನತೆ ಇದ್ದವರಲ್ಲಿ ಶೇ. 88 ಮಂದಿಯನ್ನು ಅದು ಹಿಡಿಯಿತು, ಇಲ್ಲದವರಲ್ಲಿ ಶೇ. 88 ಮಂದಿಯನ್ನು ಸರಿಯಾಗಿ ಬಿಟ್ಟಿತು. ನೂರು ಜನರ ಕ್ಲಾಸಿನಲ್ಲಿ ಹತ್ತು ಮಂದಿಗೆ ನಿಜವಾಗಿ ಖಿನ್ನತೆ ಇದೆ ಅಂತ ಇಟ್ಟುಕೊಳ್ಳಿ. ಅವರಲ್ಲಿ ಸುಮಾರು ಒಂಬತ್ತು ಜನ ಗೆರೆ ದಾಟುತ್ತಾರೆ, ಜೊತೆಗೆ ಖಿನ್ನತೆ ಇಲ್ಲದ ಹನ್ನೊಂದು ಜನರೂ ದಾಟುತ್ತಾರೆ. ನೀವು ಯಾವ ಗುಂಪಿನವರು ಅಂತ ಎದುರು ಕೂತು ಕೇಳಿದರಷ್ಟೇ ಗೊತ್ತಾಗುವುದು.

ಮನಸ್ಸು ಸುಲಭಕ್ಕೆ ನೋಯುವಂಥದ್ದೋ ಅಂತ ನೋಡಲು ಬೇರೆ ಮಾಪನ ಉಂಟು. ಸಿಂಕ್ಲೇರ್ ಮತ್ತು ವಾಲ್‌ಸ್ಟನ್ ಅನ್ನುವ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಂಥ ಮಾಪನದಲ್ಲಿ ಬರೀ ಆರು ಹೇಳಿಕೆ. ಇನ್ನೊಬ್ಬರು ಮೆಚ್ಚದಿದ್ದರೆ ನನಗೆ ಬೆಲೆಯಿಲ್ಲ ಅನ್ನಿಸುವುದು, ಎಲ್ಲವೂ ಪರಿಪೂರ್ಣ ಆಗಬೇಕೆಂಬ ಹಟ, ಇಂಥ ಯೋಚನೆಯ ಜಾಡುಗಳನ್ನು ಅದು ಹುಡುಕುತ್ತದೆ. ಅಂಥ ಜಾಡು ಇದ್ದವರೆಲ್ಲ ಖಿನ್ನರಾಗುವುದಿಲ್ಲ. ಮೇಲಿಂದ ಒಂದು ಪೆಟ್ಟು ಬಿದ್ದಾಗ ಅವರಿಗೆ ಹೆಚ್ಚು ನೋವಾಗುತ್ತದೆ. ಇದು ಹುಟ್ಟುಗುಣವೂ ಅಲ್ಲ, ಜಾಡು ಬದಲಿಸಲಿಕ್ಕಾಗುತ್ತದೆ.

ಇನ್ನು ಭಾಷೆ. ನಾನು ಒಮ್ಮೆ ಬಳಸಿದ ಕನ್ನಡ ಫಾರ್ಮಿನಲ್ಲಿ 'ಯಾವುದರಲ್ಲೂ ಆಸಕ್ತಿ ಇಲ್ಲ' ಅನ್ನುವುದಕ್ಕೆ 'ಉದಾಸೀನ' ಅಂತಿತ್ತು. ನಮ್ಮ ಕಡೆ ಉದಾಸೀನ ಅಂದರೆ ಸೋಮಾರಿತನ. 3ಕ್ಕೆ ಗುರುತು ಹಾಕಿದ ಒಬ್ಬ ಹುಡುಗಿಯನ್ನು ಕರೆದು ಕೇಳಿದೆ. "ಬೆಳಿಗ್ಗೆ ಏಳ್ಲಿಕ್ಕೆ ದಿನಾ ಉದಾಸೀನ ಆಗ್ತದೆ ಮೇಡಂ" ಅಂದಳು. ಘಟ್ಟದ ಮೇಲಿನಿಂದ ಬಂದ ಮಕ್ಕಳು ಅದೇ ಪದವನ್ನು ಬೇರೆಯಾಗಿ ಓದಿದ್ದರು. ಈಗ ಒಟ್ಟು ಅಂಕ ನೋಡುವ ಮೊದಲು "ಯಾವ ವಿಷಯಕ್ಕೆ ಮಂಡೆಬಿಸಿ?" ಅಂತ ಕೇಳುತ್ತೇನೆ. ಆಗ ಬರುವ ಉತ್ತರ ಫಾರ್ಮಿನಲ್ಲಿ ಎಲ್ಲೂ ಇರುವುದಿಲ್ಲ.

ನನ್ನನ್ನು ಇವತ್ತಿಗೂ ಕಾಡುವ ಒಂದು ಹಾಳೆ ಉಂಟು. ಕೆಲಸದ ಶುರುವಿನ ದಿನಗಳು. ಊಟದ ನಂತರದ ಪಿರಿಯಡ್, ಒಂದು ಬೆಂಚಿಗೆ ನಾಲ್ಕು ಜನ, ಭುಜಕ್ಕೆ ಭುಜ ತಾಗಿಸಿ ಬರೆಸಿದೆ. ರಾತ್ರಿ ಅಂಕ ಕೂಡುವಾಗ ಒಂದು ಹಾಳೆಯ ಒಂಬತ್ತನೆಯ ಪ್ರಶ್ನೆಯಲ್ಲಿ, ಸತ್ತರೆ ಒಳ್ಳೆಯದು ಅಂತ ಅನ್ನಿಸಿದೆಯೇ ಅಂತ ಕೇಳುವ ಕಡೆ, 2ರ ಮೇಲೆ ಪೆನ್ಸಿಲ್ ಗುರುತು ಉಜ್ಜಿ ಅಳಿಸಿ 0ಗೆ ಪೆನ್ನಿನಲ್ಲಿ ಟಿಕ್ ಹಾಕಿತ್ತು. ಕಾಗದ ಅಲ್ಲಿ ತೆಳುವಾಗಿತ್ತು. ಹೆಸರು ಬರೆಸಿರಲಿಲ್ಲ. ಮರುದಿನ ಎಲ್ಲರಿಗೂ ಒಟ್ಟಿಗೆ ಮಾತಾಡಿ, ನನ್ನ ಕೋಣೆ ಎಲ್ಲಿ ಅಂತ ಹೇಳಿದೆ, ಆ ಹಾಳೆಯವರು ಬಂದರೋ ಇಲ್ಲವೋ ಇಂದಿಗೂ ತಿಳಿಯದು. ಅಂದಿನಿಂದ ಒಬ್ಬೊಬ್ಬರನ್ನೇ ದೂರ ಕೂರಿಸುತ್ತೇನೆ, ಮಾತಾಡಲು ಬಯಸುವವರಿಗೆ ಅದೇ ದಿನ ಸಮಯ ಇಟ್ಟಿರುತ್ತೇನೆ.

ಹಾಗಾಗಿ ನಿಮ್ಮ ಹಾಳೆಯಲ್ಲಿ ಮೊದಲು ಒಂಬತ್ತನೆಯ ಸಾಲು ನೋಡಿ. ಅಲ್ಲಿ 0 ಅಲ್ಲದಿದ್ದರೆ, ಅಥವಾ ಅಳಿಸಿ 0 ಮಾಡಿದ್ದರೆ, ಕಾಯಬೇಡಿ. 14416ಕ್ಕೆ ಇವತ್ತೇ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ. ಅಲ್ಲಿ 0 ಇದ್ದರೂ ಎರಡು ವಾರ ಬಿಟ್ಟು ಮತ್ತೊಮ್ಮೆ ತುಂಬಿ. ಆಗಲೂ 10 ಅಥವಾ ಹೆಚ್ಚು ಬಂದರೆ, ಅಥವಾ ಈಗಲೇ ಕ್ಲಾಸಿಗೆ ಹೋಗುವುದು, ಊಟ ಮಾಡುವುದು ಕಷ್ಟ ಆಗುತ್ತಿದ್ದರೆ, ವೆನ್ಲಾಕ್ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ಹೋಗುವಾಗ ಆ ಫಾರ್ಮ್ ಒಯ್ಯಿರಿ. ಯಾವ ಯಾವ ಪ್ರಶ್ನೆಗೆ 3 ಹಾಕಿದ್ದೀರಿ ಅನ್ನುವುದು ಅವರಿಗೆ ಒಟ್ಟು ಅಂಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.